ಕ್ಯಾರೆಟ್ ಗುಂಡಿಯ ಗರಿಗಿಡ

ನೀಲಗಿರಿಯ ಎಮರಾಲ್ಡ್‌ನಲ್ಲಿ ಬಸ್ಸಿಗೆ ಕಾಯುತ್ತ ರಸ್ತೆ ಕೆಳಗಿನ ನೀರಿನ ಗುಂಡಿಗೆ ಇಳಿದೆ. ಗುಂಡ್ಲುಪೇಟೆ ಕಡೆಯಿಂದ ಬಂದು ಇಲ್ಲೇ ತೋಟ ಮಾಡಿಕೊಂಡಿರುವ ಮಾದಮ್ಮ ಅಲ್ಲಿ ಕ್ಯಾರೆಟ್ ತೊಳೆಯುತ್ತಿದ್ದರು. ನೀರೊಳಗಿನ ಗಿಡವೊಂದನ್ನು ಕಿತ್ತೆ. ಒದ್ದೆ ಕೂದಲಿನ ಹಾಗೆ ಅಂಗೈಗೆ ಅಂಟಿಕೊಂಡಿತು. ಸಸ್ಯಶಾಸ್ತ್ರದ ಮೇಷ್ಟರೆಂಬ ಗತ್ತಿನಲ್ಲಿ, "ಇದು ಯಾರೋ ಅಕ್ವೇರಿಯಂನಿಂದ ಎಸೆದ ಹೊರದೇಶದ ಕಳೆ. ಒಂದೆಳೆ ಬಿಡದೆ ಕಿತ್ತುಹಾಕಿ," ಎಂದುಬಿಟ್ಟೆ.

"ಆಚೆ ತೆಗುದ್ರೆ ಅದ್ರ ರೂಪ ಎಲ್ಲಿ ಕಾಣ್ತದೆ? ನೀರ್ಗೆ ಬುಡಿ, ಸಾ," ಎಂದು ಮಾದಮ್ಮ ಬೇಸಿನ್ ಮುಂದೆ ತಳ್ಳಿದರು.

ಬಿಟ್ಟೆ. ಎಲೆಗಳು ಹಕ್ಕಿಯ ಗರಿಯಂತೆ ಒಂದೊಂದಾಗಿ ಬಿಚ್ಚಿಕೊಂಡವು. ಅವುಗಳ ಬುಡದಲ್ಲಿ ರಾಗಿಕಾಳಿಗಿಂತ ಸಣ್ಣ ಕಾಯಿಗಳಿದ್ದವು. ನಾನು ಅಂದುಕೊಂಡಿದ್ದ ಹೊರಗಿನ ಜಾತಿ ನಮ್ಮಲ್ಲಿ ಕಾಯಿ ಕಟ್ಟುವುದಿಲ್ಲ. ಇದು ಈ ಬೆಟ್ಟದ್ದೇ ಗಿಡ. ನಾಚಿಕೆಯಿಂದ ಹಾಗೆಂದು ಒಪ್ಪಿಕೊಂಡೆ.

"ಹೂಳು ತೆಗೆಯೋವಾಗ ನಾವು ಇದು ಬೆಳೆಯೋ ಆ ಮೂಲೆ ಮುಟ್ಟಾಕಿಲ್ಲ. ಇದಿದ್ರೆ ಕೆಸ್ರು ತಳಕ್ಕೆ ಕೂರ್ತದೆ," ಎಂದರು ಅವರು.

ಬಸ್ಸಿನ ಸದ್ದಾಯಿತು. ಗಿಡವನ್ನು ಪೇಪರಿನಲ್ಲಿ ಸುತ್ತಲು ಹೋದರೆ ಮಾದಮ್ಮ ಕಸಿದುಕೊಂಡು, ನನ್ನ ಕುಡಿಯುವ ನೀರಿನ ಬಾಟಲಿಗೆ ಇಳಿಬಿಟ್ಟು ಮುಚ್ಚಳ ಬಿಗಿದರು. ಊಟಿ ಬರುವ ತನಕ ನಾನು ಬಾಯಾರಿಕೊಂಡೇ ಕೂತಿದ್ದೆ. ಅದು ಮಾತ್ರ ಕಿಟಕಿ ಪಕ್ಕ ಗರಿ ಬಿಚ್ಚಿಕೊಂಡು ಬಂತು.