ಗೋಡೆಯ ಮೇಲೆ ಬಿಚ್ಚಿದ ಬೆಲ್ಟ್

ಹೋದ ವರ್ಷ ತೊಗರಿ ಕೊಯ್ಲಿಗೆ ತುಸು ಮುಂಚಿನ ಮಾತು. ನಾನು ಬಸವಕಲ್ಯಾಣದಲ್ಲಿ ಪತ್ರಿಕೆಯೊಂದರ ವರದಿಗಾರ. ರಾಜೇಶ್ವರದ ಬಳಿ ಬೈಕಿನಿಂದ ಬಿದ್ದು ಬೆನ್ನಿಗೆ ಪೆಟ್ಟಾಗಿ, ಆರು ತಿಂಗಳಿಂದ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡೇ ಓಡಾಡುತ್ತಿದ್ದೆ. ಒಂದು ತಿಂಗಳಲ್ಲಿ ಬೆಲ್ಟಿಲ್ಲದೆ ನಿಲ್ಲುವಷ್ಟು ಬಲ ಬಾರದಿದ್ದರೆ ಆಪರೇಷನ್ ಮಾಡಬೇಕಾಗುತ್ತದೆ ಎಂದು ಹೇಳಿದ ವೈದ್ಯರು, ಹುಮನಾಬಾದಿನ ಫಿಜಿಯೋಥೆರಪಿ ಕೇಂದ್ರಕ್ಕೆ ಕಳಿಸಿದರು.

ಅಲ್ಲಿ ಒಂದು ಹಲಗೆಯ ಗೋಡೆ ಇತ್ತು. ಅದರ ತುಂಬ ಕೈಕಾಲು ಊರಲು ಬಣ್ಣಬಣ್ಣದ ಹಿಡಿಕೆಗಳು, ಕೆಳಗೆ ದಪ್ಪ ಗಾದಿ. ಗೋಡೆಗೆ ಅಂಟಿಕೊಂಡು ಅಡ್ಡಡ್ಡ ಸರಿಯಬೇಕು. ಮೈ ಹಿಂದಕ್ಕೆ ಜೋಲದಂತೆ ತಡೆಯಲು ಹೊಟ್ಟೆ, ಬೆನ್ನಿನ ಒಳಸ್ನಾಯುಗಳು ತಾವಾಗಿಯೇ ಬಿಗಿಯುತ್ತವೆ ಎಂದು ಥೆರಪಿಸ್ಟ್ ಸವಿತಾ ವಿವರಿಸಿದರು. ಸೊಂಟಕ್ಕೆ ಮಾತ್ರ ಏನೂ ಕಟ್ಟಿರಬಾರದು.

ನನಗಿಂತ ಮುಂಚೆ, ಬೆನ್ನುನೋವಿಗೆ ಬಂದಿದ್ದ ದುಬಲಗುಂಡಿಯ ಕೂಲಿ ಹೆಣ್ಣುಮಗಳು ನಾಗಮ್ಮನ ಸರದಿ. ಹೊಲದ ಕೆಲಸಕ್ಕೆ ಹೋಗುವ ರೂಢಿಯಂತೆ ಸೀರೆಯ ಮೇಲೆ ನಡುವಿಗೆ ಹಳೆಯ ಟವೆಲ್ ಬಿಗಿದು ಬಂದಿದ್ದರು. ಸವಿತಾ ಬಿಚ್ಚಲು ಹೇಳಿದರು.

“ನಡ ಕಟ್ಟದ ಹ್ಯಾಂಗ ಏರಲ್ರಿ ಅಕ್ಕಾರ? ನಡಾನ ಇಲ್ಲ ಅನಸ್ತದ.”

“ಅದಕ್ಕ ಬಿಚ್ರಿ. ಕೆಲಸ ಟವೆಲ್ ಮಾಡಾಕತ್ತದ, ನಿಮ್ಮ ನಡ ಅಲ್ಲ.”

ನಾಗಮ್ಮ ಬಿಚ್ಚಿದರು. ಆ ದಿನ ಒಂದು ಹಿಡಿಕೆಯನ್ನೂ ದಾಟಲಿಲ್ಲ. ನಾನು ಅಂಗಿಯೊಳಗೆ ಬೆಲ್ಟ್ ಕಟ್ಟಿಕೊಂಡೇ ನಾಲ್ಕು ದಾಟಿದೆ. ಬಿಚ್ಚಿದರೆ ಬೆನ್ನು ಮುರಿಯುತ್ತದೆಂಬ ಭಯಕ್ಕೆ ಅದನ್ನು ಸವಿತಾ ಅವರಿಂದ ಮುಚ್ಚಿಟ್ಟಿದ್ದೆ. ಸವಿತಾ ನನ್ನ ಫೈಲಿನಲ್ಲಿ ‘ಉತ್ತಮ ಆರಂಭ’ ಎಂದು ಬರೆದರು.

ವೈದ್ಯರು ಕೊಟ್ಟ ಗಡುವಿಗೆ ಎರಡು ದಿನ ಉಳಿದಿತ್ತು. ಐದನೇ ಹಿಡಿಕೆಗೆ ಬಲಗೈ ಚಾಚಿದಾಗ ಬೆಲ್ಟಿನ ಅಂಟುಪಟ್ಟಿ ಚರ್ರೆಂದು ಬಿಚ್ಚಿತು. ಬೆಲ್ಟ್ ಅಂಗಿಯ ಕೆಳಗೆ ಜೋತುಬಿತ್ತು. ಹಿಡಿತ ತಪ್ಪಿ ಗಾದಿಯ ಮೇಲೆ ಬಿದ್ದೆ.

ನಾಗಮ್ಮ ಮೊದಲು ನಕ್ಕರು. “ಪೇಪರ್ ಅಣ್ಣಾರ, ನಂದು ಬಿಚ್ಚಿಸಿದ್ರು. ನಿಮ್ಮದು ತಾನಾಗೇ ಬಿಚ್ಚಿತು ನೋಡ್ರಿ!” ಆಮೇಲೆ ಕೈ ಕೊಟ್ಟು ಎಬ್ಬಿಸಿದರು. “ಅಂಜಬ್ಯಾಡ್ರಿ. ನಂಗೂ ಮೂರು ದಿನ ನಡ ಮುರೀತದ ಅನಸಿತ್ತು. ಮುರೀಲಿಲ್ಲ.”

ಸವಿತಾ ಫೈಲ್ ತೆರೆದು ಆ ‘ಉತ್ತಮ ಆರಂಭ’ದ ಮೇಲೆ ಗೆರೆ ಎಳೆದರು. ಪಕ್ಕದಲ್ಲಿ ‘ಮೊದಲಿನಿಂದ’ ಎಂದು ಬರೆದರು.

ವೈದ್ಯರಿಗೆ ನಾನೇ ನಿಜ ಹೇಳಿದೆ. ಇನ್ನೊಂದು ತಿಂಗಳು ಕೊಟ್ಟರು. ಬೆಲ್ಟಿಲ್ಲದ ಮೊದಲ ದಿನ ನನಗೂ ಒಂದು ಹಿಡಿಕೆಯನ್ನೂ ದಾಟಲಾಗಲಿಲ್ಲ. ತಿಂಗಳ ಕೊನೆಗೆ ಗೋಡೆಯ ಆ ತುದಿ ಮುಟ್ಟಿದೆ, ಆಪರೇಷನ್ ತಪ್ಪಿತು. ಅಷ್ಟರಲ್ಲಿ ನಾಗಮ್ಮ ಟವೆಲನ್ನು ತಲೆಗೆ ಸುತ್ತಿಕೊಂಡು ಕೊಯ್ಲಿಗೆ ಹೋಗಿಯಾಗಿತ್ತು.

ಬೇರೆಯವರು ಮುಚ್ಚಿಟ್ಟದ್ದನ್ನು ಹುಡುಕಿ ಬರೆಯುವುದು ನನ್ನ ಕೆಲಸ. ಈಗಲೂ ಯಾರನ್ನಾದರೂ ಪ್ರಶ್ನಿಸಲು ಕೂತಾಗ ಆ ಚರ್ರೆಂಬ ಸದ್ದು ನೆನಪಾಗಿ, ಒಂದು ಗಳಿಗೆ ಮುಖ ಬಿಸಿಯಾಗುತ್ತದೆ.