ಮೂಲೆಯ ಸುಬಾಬುಲ್

ನಮ್ಮ ಹಿತ್ತಲ ಬೇಲಿಯುದ್ದಕ್ಕೂ ಸುಬಾಬುಲ್ ಮರಗಳು ಎದ್ದಿದ್ದವು. ನಾವೇನೂ ನೆಟ್ಟದ್ದಲ್ಲ. ಎಲ್ಲಿಂದಲೋ ಬೀಜ ಬಿದ್ದು, ಕರೆಯದೆ ಬಂದ ನೆಂಟರ ಹಾಗೆ ತಳವೂರಿದ್ದವು. ಅವುಗಳ ನೆರಳಿಗೆ ನನ್ನ ಚಪ್ಪರದವರೆ ಬರೀ ಬಳ್ಳಿ ಬಿಟ್ಟು ಕಾಯಿ ಕಚ್ಚಲೇ ಇಲ್ಲ. ಕಳಲೆಯಂಥ ಹಳ್ಳಿಯಲ್ಲಿದ್ದುಕೊಂಡು ನಂಜನಗೂಡಿನಿಂದ ಅವರೆಕಾಯಿ ಕೊಂಡು ತರುವುದೆಂದರೆ! ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಷಾಢದಲ್ಲಿ ಮರ ಕುಯ್ಯುವ ಮೆಷಿನ್ನಿನವರನ್ನು ಕರೆಸಿಯೇಬಿಟ್ಟೆ. ಒಂದೊಂದು ಮರ ಉರುಳಿದಾಗಲೂ ಹಿತ್ತಲಿಗೆ ಬಿಸಿಲು ಬೀಳುತ್ತಿತ್ತು. ನಾನು ಹಿಗ್ಗಿ ಹೀರೇಕಾಯಿ. ಉಳಿದದ್ದು ಮೂಲೆಯದೊಂದೇ, ಬುಡದಿಂದಲೇ ಕವಲೊಡೆದು ಪೊದೆಯಾಗಿದ್ದ ಮರ. ಅಷ್ಟರಲ್ಲಿ ಬೇಲಿಯಾಚೆ ಮನೆಯ ಹೊಸ ಸೊಸೆ ಓಡಿ ಬಂದಳು.

“ಅಕ್ಕಾ, ಅದೊಂದು ಬುಟ್ಬುಡಿ.”

“ಯಾಕೆ? ನಿಮ್ಮ ಆಡಿಗೆ ಸೊಪ್ಪು ಬೇಕಾ?”

“ಆಡು ಎಲ್ಲದೆ ನಮ್ಗೆ? ಸುಮ್ಕೆ ಬುಡಿ ಅಕ್ಕಾ.”

“ಸುಮ್ನೆ ಬಿಡು ಅಂದ್ರೆ? ಕಾರಣ ಬಾಯ್ಬಿಟ್ಟು ಹೇಳಮ್ಮಾ!” ನನ್ನ ಗಂಟಲು ಮೆಷಿನ್ನಿಗಿಂತ ಜೋರಾಗಿತ್ತು.

ಅವಳು ಗಂಡಸರ ಕಡೆ ನೋಡಿ ತಲೆ ತಗ್ಗಿಸಿದಳು. ಕಣ್ಣಲ್ಲಿ ನೀರು. ಆಗ ನಾನು ಮರದ ಬೆನ್ನಿಗೇನಿದೆ ಎಂದು ಬಗ್ಗಿ ನೋಡಿದೆ. ಮೂರು ಕಡೆ ಗೋಣಿತಾಟು ಕಟ್ಟಿದ ಅವರ ಬಚ್ಚಲು. ನಾಲ್ಕನೆಯ ಗೋಡೆ ನಮ್ಮ ಸುಬಾಬುಲ್. ಅದು ಹೋದರೆ ಮೀಯುವವರು ನಮ್ಮ ಹಿತ್ತಲಾಚೆಯ ರಸ್ತೆಯ ಬಸ್ಸಿನಲ್ಲಿ ಕೂತವರಿಗೂ ಕಾಣುತ್ತಿದ್ದರು. ಅಯ್ಯೋ ಶಿವನೇ, ಇದನ್ನು ಆ ಹುಡುಗಿ ಈ ಗಂಡಸರೆದುರು ಹೇಗೆ ಹೇಳಿಯಾಳು? ಮೆಷಿನ್ನಿನವನ ಕಡೆ ತಿರುಗಿದೆ.

“ಸಾಕು, ನಿಲ್ಸಪ್ಪಾ. ಇದಿರ್ಲಿ.”

“ಒಂದ್ ಬುಟ್ರೆ ಮತ್ತೆ ಪೂರಾ ಅಬ್ಕತದೆ ಕಣವ್ವಾ,” ಎಂದ ಮೆಷಿನ್ನಿನವನು.

“ಹಬ್ಲಿ, ನಿನಗೇನು?”

ಸಂಜೆ ತಾಂಡ್ಯದ ಕಾರ್ಖಾನೆಯಿಂದ ಬಂದ ಯಜಮಾನರು, “ಅದೊಂದನ್ಯಾಕೆ ಉಳಿಸ್ದೆ?” ಎಂದರು. ಮೆಷಿನ್ ಕೆಟ್ಟುಹೋಯಿತು ಎಂದೆ.

ಆ ವಾರವೇ ಬೇಲಿಯ ತಂತಿಗೆ ತೆಂಗಿನ ಹಗ್ಗ ಬಿಗಿದು, ಮೂಲೆಯವರೆಗೂ ಒತ್ತೊತ್ತಾಗಿ ಅವರೆ ಬೀಜ ಊರಿದೆ. ಯಾಕೆಂದು ನಾನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಆಚೆ ಕಡೆಯಿಂದ ತಪ್ಪದೆ ನೀರು ಹಾಕಿದಳು. ಮಾರ್ಗಶಿರದ ಚಳಿಗೆ ಬಳ್ಳಿ ಆಳೆತ್ತರ ಹಬ್ಬಿ, ಹೂವಿನ ಜೊತೆ ಕಾಯಿಯೂ ತೂಗಿತು. ಬಚ್ಚಲೊಲೆಯ ಹೊಗೆಯೊಂದು ಬಿಟ್ಟರೆ ಆಚೆಯದೇನೂ ಈಗ ಕಾಣುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕಾಯಿ ಬಿಡಿಸುತ್ತಿದ್ದೆ. ಬಳ್ಳಿಯ ಆಚೆ ನೀರು ಸುರಿದುಕೊಳ್ಳುವ ಸದ್ದು, ಜೊತೆಗೇ ಅವಳ ದೊಡ್ಡ ಗಂಟಲು: “ಅಕ್ಕಾ, ನೀರ್ ಉಯ್ಕತಾವ್ನಿ! ಏನ್ ಗಮಗಮ ಅಂತದೆ ನಿಮ್ಮ ಅವ್ರೆ! ಇನ್ನ ಆ ಮರ ಕಡಿಸ್ಕಳಿ.”

“ಬೇಸಿಗೆಗೆ ಬಳ್ಳಿ ಒಣಗುತ್ತೆ ಕಣೇ. ಮರ ಅಲ್ಲೇ ಇರ್ಲಿ, ನೀನು ಸ್ನಾನ ಮಾಡು,” ಎಂದೆ.