ಯುರೇನಸ್ಸಿನ ಹತ್ತಿರ ನಿಂತು ನೋಡಿದವರಿಲ್ಲ

ನನ್ನ ತಮ್ಮನಿಗೆ ಯುರೇನಸ್ ಅಂದರೆ ಆಗುವುದಿಲ್ಲ. ಊಟಕ್ಕೆ ಕೂತಾಗಲೂ ನಾನು ಅದರ ಸುದ್ದಿ ಎತ್ತುತ್ತೇನೆ ಎಂಬುದೇ ಅವನ ಸಿಟ್ಟು. "ಕುಂಭಾಶಿಯಲ್ಲ್ ರಸ್ತೆ ದಾಟುಕೇ ಅರ್ಧ ಗಂಟೆ ಬೇಕ್. ನಿಂಗ್ ಅಲ್ಲಿಗ್ ಹೋಯ್ಕಾ?" ಎನ್ನುತ್ತಾನೆ. ನಾನೆಲ್ಲಿ ಹೋಗುತ್ತೇನೆ ಮಾರಾಯ, ಹೋಗಬೇಕಾದ್ದು ಯಂತ್ರ. ಅದಕ್ಕೆ ಊಟ ಬೇಡ, ನಿದ್ದೆ ಬೇಡ, ನಿನ್ನ ಹಾಗೆ ಸಾರಿಗೆ ಉಪ್ಪು ಕಡಿಮೆಯೆಂದು ಮುಖ ಊದಿಸುವುದೂ ಇಲ್ಲ ಎಂದರೆ ತಟ್ಟೆ ಹಿಡಿದುಕೊಂಡು ಜಗಲಿಗೆ ಹೋಗುತ್ತಾನೆ.

ತೆಕ್ಕಟ್ಟೆ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಮೂವತ್ತು ಚಿಲ್ಲರೆ ವರ್ಷ ವಿಜ್ಞಾನ ಕಲಿಸಿದವಳು. ಅಷ್ಟೂ ವರ್ಷ ಯುರೇನಸ್ಸಿನ ಬಗ್ಗೆ ಮಕ್ಕಳಿಗೆ ತಪ್ಪು ಹೇಳಿದೆ. ಯಾಕೆ ಹೇಳಿದೆ, ಈಗ ಯಾಕೆ ಊರೆಲ್ಲ ಅದರ ಪರ ವಾದಿಸುತ್ತ ತಿರುಗುತ್ತೇನೆ ಎಂದು ತಿಳಿಯಬೇಕಾದರೆ ಮೊದಲು ಅಪ್ಪಯ್ಯನ ಕತೆ ಹೇಳಬೇಕು.

ಬೀಜಾಡಿಯ ಕಡಲ ಬದಿಯಲ್ಲಿ ನಮ್ಮ ಮನೆ. ಆಗ ನಮ್ಮಲ್ಲಿ ಕೈರಂಪಣಿ ಬಲೆ ಇತ್ತು. ದೋಣಿಯಲ್ಲಿ ಬಲೆ ಒಯ್ದು ಕಡಲಲ್ಲಿ ಅರ್ಧ ಸುತ್ತು ಬಿಟ್ಟು, ಎರಡೂ ತುದಿಯ ಹಗ್ಗ ಹಿಡಿದು ಹತ್ತಾರು ಜನ ದಡಕ್ಕೆ ಎಳೆಯುವ ದೊಡ್ಡ ಬಲೆ. ಬಲೆ ಬಿಡುವ ಮೊದಲು ಮೀನಿನ ಹಿಂಡು ಎಲ್ಲಿದೆ ಎಂದು ಒಬ್ಬರು ನೋಡಿ ಹೇಳಬೇಕು. ನಮ್ಮ ತಂಡದಲ್ಲಿ ಆ ಕೆಲಸ ಅಪ್ಪಯ್ಯನದು. ಗಾಳಿಮರದ ದಿಬ್ಬದ ಮೇಲೆ ನಿಂತು, ಮೂರು ಸಲ ಎಲೆಯಡಿಕೆ ಜಗಿದು ಉಗುಳುವ ತನಕ ಬಾಯಿ ಬಿಡುತ್ತಿರಲಿಲ್ಲ. ಉಳಿದವರು ಕೆಳಗೆ ಮರಳಿನಲ್ಲಿ ಕೂತು ಗೊಣಗುತ್ತಿದ್ದರು. ಆದರೂ ಮೂರನೆಯದು ಉಗುಳುವ ಮೊದಲು ಯಾರೂ ಹಗ್ಗ ಮುಟ್ಟುತ್ತಿರಲಿಲ್ಲ. ಅದೆಂಥ ಗಡಿಯಾರವೋ ಎಂದು ನನಗೆ ನಗು ಬರುತ್ತಿತ್ತು.

ನನಗೆ ಹದಿನೆಂಟು ವರ್ಷ. ಪಿಯುಸಿಯಲ್ಲಿ ಸೈನ್ಸ್ ಓದುತ್ತಿದ್ದೆ, ಮನೆಯಲ್ಲಿ ನನ್ನಷ್ಟು ಬುದ್ಧಿವಂತರು ಯಾರೂ ಇಲ್ಲ ಎಂಬ ಜಂಬವಿತ್ತು. ಚೌತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಪ್ಪಯ್ಯ ಜ್ವರದಲ್ಲಿ ಏಳಲಾರದೆ, "ನಿನ್ ಕಣ್ಣ್ ಚುರ್ಕಿತ್ತಲ, ಹೋಯಿ ಕಂಡ್ಕಂಡ್ ಬಾ" ಎಂದರು. ಓಡಿದೆ. ದಿಬ್ಬ ಹತ್ತಿ ಈ ತುದಿಯಿಂದ ಆ ತುದಿಗೆ ಒಂದು ಸಲ ನೋಡಿದೆ. ನೀರು ಬೋಳು ಬೋಳಾಗಿತ್ತು. ನಾನೇನು ಎಲೆಯಡಿಕೆ ಜಗಿಯುವವಳೇ? ಇಳಿದು ಓಡಿ ಬಂದು "ಎಂತದೂ ಇಲ್ಲೆ" ಎಂದೆ. ಅಪ್ಪಯ್ಯ ಕಂಬಳಿ ಹೊದ್ದುಕೊಂಡೇ ದಡಕ್ಕೆ ಹೋಗಿ, ತಾವೇ ನೋಡಿದ ಹಾಗೆ, ಇವತ್ತು ಬೇಡ ಎಂದರು. ತಂಡ ಬಲೆ ಮಡಚಿ ಮನೆಗೆ ಹೋಯಿತು.

ಮಧ್ಯಾಹ್ನದೊಳಗೆ ಪಕ್ಕದ ತಂಡದವರು ಅದೇ ನೀರಿನಲ್ಲಿ ಬಲೆ ಬಿಟ್ಟು ಎಳೆಯಲಾರದಷ್ಟು ಬಂಗಡೆ ಎಳೆದರು.

ಆ ವರ್ಷದ ನಂತರ ಅಪ್ಪಯ್ಯ ದಿಬ್ಬ ಹತ್ತಲಿಲ್ಲ. ಎಲ್ಲರ ಜೊತೆ ಹಗ್ಗ ಎಳೆದರು, ಕೈಲಾಗುವವರೆಗೂ ಎಳೆದರು. ತಂಡದವರು ಅವರನ್ನು ಕೆಳಗಿಳಿಸಿದರು ಎಂದೇ ನಾನು ತಿಳಿದೆ. ನೋಡಿದ್ದು ನಾನು ಎಂದು ಹೇಳಿದ್ದರೆ ಅವರ ಮರ್ಯಾದೆ ಉಳಿಯುತ್ತಿತ್ತು. ಬಾಯಿ ಬರಲಿಲ್ಲ. ಇವತ್ತು, ನಾಳೆ, ಮದುವೆಯಾದ ಮೇಲೆ, ಕೆಲಸ ಸಿಕ್ಕಿದ ಮೇಲೆ ಎಂದು ಮುಂದೂಡಿದೆ. ಅಪ್ಪಯ್ಯ ಹೋಗಿಬಿಟ್ಟರು.

ಅವರಿರುವಾಗಲೇ, ನಾನು ಟೀಚರಾದ ಹೊಸತರಲ್ಲಿ, ಒಂದು ನೌಕೆ ಯುರೇನಸ್ಸಿನ ಪಕ್ಕದಲ್ಲಿ ಹಾದುಹೋಯಿತು. ಪೇಪರಿನಲ್ಲಿ ಚಿತ್ರ ಬಂತು. ಗುರು ಗ್ರಹದ ಪಟ್ಟೆಯಿಲ್ಲ, ಶನಿಯ ಹಾಗೆ ಎದ್ದು ಕಾಣುವ ಉಂಗುರವಿಲ್ಲ. ಸುಲಿದಿಟ್ಟ ಕೋಳಿಮೊಟ್ಟೆಯ ಹಾಗೊಂದು ಬೋಳು ಗುಂಡು. ಅಪ್ಪಯ್ಯನಿಗೆ ತೋರಿಸಿ "ಇದ್ರಗೆಂತ ಇಲ್ಲೆ ಅಂಬ್ರು" ಎಂದೆ. ಅವರು ಚಿತ್ರ ನೋಡಿ, "ಎಷ್ಟೊತ್ತ್ ನಿಂತಿತ್ತಂಬ್ರ್ ಅದ್?" ಎಂದು ಕೇಳಿದರು. ನಿಲ್ಲಲಿಲ್ಲ, ಹಾಗೇ ದಾಟಿ ಹೋಯಿತು ಎಂದೆ. "ಹಾಂಗಾರೆ ಬಸ್ಸಂಗೆ ಕೂಕಂಡ್ ಬೈಂದೂರ್ ಕಂಡ ಹಾಂಗಾಯ್ತ್" ಎಂದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ದಿಬ್ಬದ ಆ ಬೆಳಗಿನದ್ದಕ್ಕೇ ಬೇಕೆಂದು ಚುಚ್ಚಿದರು ಅನ್ನಿಸಿತು. ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೇ ಓದು ಬಿಟ್ಟ ಇವರಿಗೆ ಏನು ಗೊತ್ತು ಎಂದುಕೊಂಡು, ಮರುದಿನ ಮಕ್ಕಳಿಗೆ "ಯುರೇನಸ್ ಒಂದು ಸಪ್ಪೆ ಗ್ರಹ" ಎಂದು ಬರೆಸಿದೆ. ರಿಟೈರ್ ಆಗುವವರೆಗೂ ಅದನ್ನೇ ಬರೆಸಿದೆ.

ಈಗ ಕೇಳಿ. ಆ ನೌಕೆ ಹತ್ತಿರದಲ್ಲಿದ್ದದ್ದು ಕೆಲವೇ ಗಂಟೆ. ಯುರೇನಸ್ ಮಲಗಿ ಉರುಳುವ ಗ್ರಹ. ಅದರ ಒಂದು ವರ್ಷ ನಮ್ಮ ಎಂಬತ್ತನಾಲ್ಕು ವರ್ಷ, ಒಂದೊಂದು ಋತು ಇಪ್ಪತ್ತೊಂದು ವರ್ಷ. ನೌಕೆ ಹೋದಾಗ ಒಂದು ಧ್ರುವ ಸೂರ್ಯನಿಗೆ ಮುಖ ಮಾಡಿತ್ತು, ಇನ್ನೊಂದು ಅರ್ಧ ಕತ್ತಲೆಯಲ್ಲಿತ್ತು. ಋತು ಬದಲಾದ ಮೇಲೆ ಭೂಮಿಯ ದೊಡ್ಡ ದೂರದರ್ಶಕಗಳಿಗೆ ಅದೇ ಬೋಳು ಗುಂಡಿನ ಮೇಲೆ ಬಿರುಗಾಳಿ, ಮೋಡ ಎಲ್ಲ ಕಂಡವು. ಇತ್ತೀಚೆಗೆ ಹಳೇ ದಾಖಲೆಗಳನ್ನು ಮತ್ತೆ ಬಿಡಿಸಿ ನೋಡಿದವರು ಇನ್ನೊಂದು ಮಾತು ಹೇಳಿದರು: ನೌಕೆ ತಲುಪುವ ಹೊತ್ತಿಗೆ ಸೂರ್ಯನಿಂದ ಬೀಸುವ ಕಣಗಳ ಗಾಳಿ ವಿಪರೀತವಾಗಿ, ಗ್ರಹದ ಸುತ್ತಣ ಕಾಂತವಲಯವನ್ನು ಅಮುಕಿಬಿಟ್ಟಿತ್ತು. ನಾವು ನೋಡಿದ್ದು ಅದರ ಮಾಮೂಲಿ ದಿನವನ್ನೇ ಅಲ್ಲ. ಇದನ್ನು ಮೊಬೈಲಿನಲ್ಲಿ ಓದಿದ ದಿನ ನನಗೆ ಅನ್ನ ಸೇರಲಿಲ್ಲ.

ಹಾಗಾಗಿ ನನ್ನ ವಾದ ಇಷ್ಟೇ. ಯುರೇನಸ್ಸಿಗೊಂದು, ನೆಪ್ಚೂನಿಗೊಂದು ನೌಕೆ ಹೋಗಲಿ. ಹೋಗಿ, ಸುತ್ತುತ್ತ, ವರ್ಷಗಟ್ಟಲೆ ಅಲ್ಲೇ ಇರಲಿ. ನೆಪ್ಚೂನಿಗೂ ಹೋದದ್ದು ಆ ಒಂದೇ ನೌಕೆ, ಒಂದೇ ಸಲ. ಬೇರೆ ನಕ್ಷತ್ರಗಳ ಸುತ್ತ ಹೆಚ್ಚಾಗಿ ಸಿಗುತ್ತಿರುವ ಗ್ರಹಗಳಲ್ಲಿ ಎಷ್ಟೋ ಇವೆರಡರ ಗಾತ್ರದ ಆಸುಪಾಸಿನವು ಅಂತೆ. ಮನೆ ಬಾಗಿಲಲ್ಲಿರುವುದನ್ನೇ ನೋಡದವರು ಊರಾಚೆಯದ್ದರ ಬಗ್ಗೆ ಏನು ಹೇಳುತ್ತಾರೆ? ಅವುಗಳ ಕೆಲವು ಚಂದ್ರರ ಹಿಮದಡಿಯಲ್ಲಿ ನೀರಿರಬಹುದು ಎಂಬ ಅನುಮಾನವೂ ಇದೆ. ಖರ್ಚು ಕೇಳಬೇಡಿ, ಬಹಳ. ತಲುಪಲಿಕ್ಕೇ ಹನ್ನೆರಡು ಹದಿಮೂರು ವರ್ಷವಾದರೂ ಬೇಕು. "ಅಷ್ಟೊತ್ತಿಗ್ ನೀ ಇರ್ತಿಯಾ?" ಎನ್ನುತ್ತಾನೆ ತಮ್ಮ. ಇಲ್ಲದಿದ್ದರೆ ಬೇಡ. ತೆಂಗಿನ ಸಸಿ ನೆಡುವಾಗ ಯಾರಾದರೂ ಜಾತಕ ನೋಡುತ್ತಾರೆಯೇ?

ಹೋದ ತಿಂಗಳು ನಾನು ಕಲಿಸಿದ ಶಾಲೆಯಲ್ಲೇ ಇದನ್ನು ಹೇಳಲು ಕರೆದರು. ಮಕ್ಕಳ ಹಿಂದಿನ ಬೆಂಚಿನಲ್ಲಿ ಅಪ್ಪಯ್ಯನ ಜೊತೆ ಹಗ್ಗ ಎಳೆದ ಹಿರಿಯರೊಬ್ಬರು ಕೂತಿದ್ದರು. ಮರಿಮಗಳನ್ನು ಕರೆದೊಯ್ಯಲು ಬಂದವರು. ಎಂಬತ್ತನಾಲ್ಕು ವರ್ಷಕ್ಕೆ ಅಲ್ಲಿ ಒಂದು ವರ್ಷ ಎಂದಾಗ ಅವರು, "ಹಾಂಗಾರೆ ನಂಗೀಗ ಒಂದ್ ತುಂಬ್ತ್" ಎಂದರು. ಇಡೀ ಕ್ಲಾಸು ನಕ್ಕಿತು.

ಅವರನ್ನು ಕಂಡು ನನ್ನ ಮಾತು ದಾರಿ ತಪ್ಪಿತು. ಬರೆದು ತಂದ ಚೀಟಿ ಬದಿಗಿಟ್ಟು, ಒಂದು ಸಲ ನೋಡಿ ಏನೂ ಇಲ್ಲ ಎಂದವಳು ನಾನು, ಕಡಲಿಗೊಮ್ಮೆ, ಯುರೇನಸ್ಸಿಗೊಮ್ಮೆ, ಹೀಗೆ ಎರಡು ಸಲ ಎಂದೆ. ಆ ಬೆಳಗಿನದ್ದೆಲ್ಲ ಹೇಳಿದೆ. ಅಪ್ಪಯ್ಯನ ತಪ್ಪಲ್ಲ, ನೋಡಿದ್ದು ನಾನು ಎಂದು ಅವರ ಮುಖ ನೋಡಿಯೇ ಹೇಳಿದೆ.

ಮಕ್ಕಳು ಹೋದ ಮೇಲೆ ಅವರು ನಿಧಾನ ಎದ್ದು ಬಂದರು.

"ನಮ್ಗೆಲ್ಲ ಅವತ್ತೇ ಗೊತ್ತಿತ್ತ್ ಮಗಾ. ದಿಬ್ಬದ್ ಮೇಲ್ ನಿನ್ನ್ ಕೆಂಪ್ ಲಂಗ ಕಂಡಿತ್."

"ಮತ್ತೆ ಅಪ್ಪಯ್ಯನ್ನ ಎಂತಕ್ ತೆಗ್ದ್ರಿ?"

"ನಾವೆಲ್ಲಿ ತೆಗ್ದ್? ನೀನೇ ಕಾಣ್ ಅಂದೇಳಿ ಕಾಲ್ ಹಿಡುದೊಂದ್ ಬಾಕಿ. ಕೇಣ್ಲಿಲ್ಲ ಅವ್ನ್. ಹೆಂಗ್ ಕಾಣ್ಕ್ ಅಂದೇಳಿ ಹೇಳ್ಕೊಡ್ದೇ ಹುಡ್ಗಿನ ಕಳ್ಸಿದ್ದ್ ನಾನ್, ತಪ್ಪ್ ನಂದೇ ಅಂದ. ಓದು ಹುಡ್ಗಿ, ಅವ್ಳ್ ಕಿವಿಗೆ ಈ ಮಾತ್ ಬೀಳೂಕಾಗ ಅಂದ."

ಅಪ್ಪಯ್ಯ ಆಮೇಲೆ ಎಷ್ಟೋ ವರ್ಷ ಬದುಕಿದ್ದರು. ಅಷ್ಟೂ ವರ್ಷ ತಪ್ಪು ತಮ್ಮದೆಂದು ಅವರು, ನನ್ನದೆಂದು ನಾನು, ಒಂದೇ ಚಾಪೆಯ ಮೇಲೆ ಕೂತು ಗಂಜಿ ಉಂಡೆವು. ಇಬ್ಬರಲ್ಲಿ ಒಬ್ಬರು ಬಾಯಿ ಬಿಟ್ಟಿದ್ದರೆ ಸಾಕಿತ್ತು. ಆ ಖಾಲಿ ಕ್ಲಾಸಿನಲ್ಲಿ, ನಾನೇ ಮೂವತ್ತು ವರ್ಷ ಮಕ್ಕಳಿಗೆ ಅಳಬೇಡಿ ಎಂದು ಗದರಿದ ಜಾಗದಲ್ಲಿ, ಮೇಜು ಹಿಡಿದುಕೊಂಡು ಅತ್ತೆ.